ಪಂಚಮಿಗೆ ಬಂದ ಪೆಟ್ಟಿಗೆ

ಪಂಚಮಿಗೆಂದು ತವರಿಗೆ ಹೋದ ಸೊಸೆ ತಿರುಗಿ ಬರುವಾಗ ಏನೇನು ತರುತ್ತಾಳೆ ಎಂಬುದು ಸತ್ಯನಾರಾಯಣಪೇಟೆಯ ಕೊಟ್ರಬಸಮ್ಮನಿಗೆ ಬಾಯಿಪಾಠವಾಗಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಅತ್ತೆಗೊಂದು ಸೀರೆ, ಮಾವನಿಗೊಂದು ಧೋತರ. ಅದರಲ್ಲೂ ಇದು ಸೊಸೆಯ ಮೊದಲ ಪಂಚಮಿ. ಓಣಿಗೆಲ್ಲ ಉಂಡಿ ಹಂಚಬೇಕೆಂದು ತಟ್ಟೆಗಳನ್ನು ತೊಳೆದು ಬೋರಲು ಹಾಕಿ, ಆಕೆ ಬಾಗಿಲ ಕಟ್ಟೆಯ ಮೇಲೆ ಕಾದು ಕೂತಿದ್ದಳು.

ಜಟಕಾ ಬಂದು ನಿಂತಿತು. ಸೊಸೆ ಜಂಬಮ್ಮ ಇಳಿದಳು. ಉಂಡಿಯ ಡಬ್ಬಿ ಇಳಿಯಿತು, ಸೀರೆಯ ಗಂಟು ಇಳಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಕೌದಿ ಸುತ್ತಿದ ಎರಡು ಭಾರದ ಗಂಟುಗಳನ್ನು ಜಟಕಾದವನೂ ಮಗ ಎರ್ರಿಸ್ವಾಮಿಯೂ ಸೇರಿ, ಬಾಣಂತಿಯನ್ನು ಇಳಿಸುವ ಹಾಗೆ ಮೆಲ್ಲಗೆ ಇಳಿಸಿದರು.

"ಇದೇನವಾ ಜಂಬಮ್ಮಾ, ಟೀವೀನಾ?"

"ಅಲ್ಲ ಅತ್ತಿ, ಕಂಪ್ಯೂಟರ್."

"ಪಂಚಮಿಗಾ?" ಎಂದು ಕೊಟ್ರಬಸಮ್ಮ ಗದ್ದಕ್ಕೆ ಕೈ ಹಚ್ಚಿದಳು.

ಅದು ಎಂಬತ್ತೆಂಟನೆಯ ಇಸವಿ. ಬಳ್ಳಾರಿಯಲ್ಲಿ ಕಂಪ್ಯೂಟರ್ ಎಂಬ ಹೆಸರು ಕೇಳಿದವರು ಬಹಳ, ಕಣ್ಣಾರೆ ಕಂಡವರು ಕಡಿಮೆ, ಮನೆಯೊಳಗೆ ಇಟ್ಟುಕೊಂಡವರನ್ನು ಹುಡುಕಿಕೊಂಡು ಹೋಗಬೇಕು. ಜಂಬಮ್ಮ ಬಿ.ಎಸ್ಸಿ. ಮುಗಿಸಿ, ಮದುವೆಗೆ ಮುಂಚೆ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದಳು. ಅವಳ ಅಪ್ಪ ಸಿರಿಗೇರಿಯ ಚಿದಾನಂದಪ್ಪ ಭತ್ತ ಹಾಕುತ್ತಿದ್ದದ್ದು ಸಿರುಗುಪ್ಪದ ಒಂದು ರೈಸ್‌ಮಿಲ್ಲಿಗೆ. ಮಿಲ್ಲಿನ ಸಾಹುಕಾರರು ಹೊಸ ಕಂಪ್ಯೂಟರ್ ತರಿಸಿ, ಕೆಟ್ಟು ನಿಂತ ಹಳೆಯದನ್ನು ಮೂಲೆಗೆ ತಳ್ಳಿದ್ದರು. "ನಿಮ್ಮ ಮಗಳು ಕಲ್ತಾಳಲ್ಲ, ತಗೊಂಡು ಹೋಗ್ರಿ, ನಮಗೂ ಜಾಗ ಖಾಲಿ ಆಗ್ತೈತಿ" ಅಂದರಂತೆ. ಮಗಳು ಖುಷಿಯಿಂದ ಅಂಗಳದಲ್ಲೇ ಕುಣಿದಳು. ಚಿದಾನಂದಪ್ಪನಿಗೆ ಇನ್ನೇನು ಬೇಕು? ಪಂಚಮಿಯ ಉಡುಗೊರೆ ಅದೇ ಆಯಿತು.

ಕೌದಿ ಬಿಚ್ಚಿದರೆ ಟೀವಿಯಂಥದೊಂದು, ಕೀಲಿಗಳ ಹಲಗೆಯೊಂದು, ಮತ್ತು ಕಬ್ಬಿಣದ ಟ್ರಂಕಿನಷ್ಟು ತೂಕದ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯ ಮೂಲ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಮಿಲ್ಲಿನವರು ಪ್ರತಿ ಆಯುಧಪೂಜೆಗೂ ಅದಕ್ಕೆ ವಿಭೂತಿ ಬಳಿದು, ಅರಿಷಿಣ ಕುಂಕುಮ ಏರಿಸಿ, ಎದುರಿಗೇ ಕಾಯಿ ಒಡೆದು ನೀರು ಚಿಮುಕಿಸಿದ್ದರು. ಒರೆಸಿದರೆ ಪಾಪ ಬರುತ್ತದೆಂದು ಯಾರೂ ಒರೆಸಿರಲಿಲ್ಲ. ವರ್ಷ ವರ್ಷದ ಪೂಜೆಯೆಲ್ಲ ಪದರ ಪದರವಾಗಿ ಅದರ ಮೈಮೇಲೆ ಗಟ್ಟಿಯಾಗಿತ್ತು.

ಮುಂದಿನ ಕೋಣೆಯಿಂದ ಮಾವ ದೊಡ್ಡಬಸಪ್ಪ ಕನ್ನಡಕ ಹಣೆಗೇರಿಸಿಕೊಂಡು ಬಂದರು. ಆ ಕೋಣೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಸಾಲಾಗಿ ಟೈಪ್‌ರೈಟರುಗಳು, ಕೈಯಲ್ಲಿ ಸದಾ ಒಂದು ಕಟ್ಟಿಗೆಯ ಪಟ್ಟಿ, ಬಾಯಲ್ಲಿ ಸದಾ ಒಂದೇ ಮಾತು: "ಕೈ ನೋಡಬ್ಯಾಡ, ಹಾಳಿ ನೋಡು!" ಬಳ್ಳಾರಿಯ ಅರ್ಧ ಕಚೇರಿಗಳ ಗುಮಾಸ್ತರು ಆ ಪಟ್ಟಿಯ ಏಟು ತಿಂದೇ ನೌಕರಿ ಹಿಡಿದವರು.

"ನಡೀತೈತೇನು ಇದು?" ಎಂದು ಕೇಳಿದರು.

"ಸದ್ಯಕ್ಕ ಇಲ್ಲ ಮಾವಾರ. ಹಚ್ಚಿದ್ರ ಫ್ಯಾನ್ ತಿರುಗ್ತೈತಿ, ಅಕ್ಷರ ಬರಂಗಿಲ್ಲ. ಒಳಗಿನ ಕಾರ್ಡ್ ಸಡಿಲ ಆಗಿದ್ರ ಹಿಂಗ ಆಗ್ತೈತಿ ಅಂತ ನಮ್ಮ ಸರ್ ಹೇಳಿದ್ರು. ಮುಚ್ಚಳ ಬಿಚ್ಚಿ, ಕಾರ್ಡ್ ಒರೆಸಿ ಒತ್ತಿದ್ರ ಆತು."

"ಆತಂದ ಮ್ಯಾಲೆ?"

ಜಂಬಮ್ಮ ಹೇಳಿಯೇಬಿಟ್ಟಳು. "ಕಿಟಕಿ ಕಡೆ ಟೇಬಲ್ ಮ್ಯಾಲೆ ಇಟ್ಟು ಕಂಪ್ಯೂಟರ್ ಹೇಳಿಕೊಡ್ತೀನಿ ಮಾವಾರ. ಟೈಪಿಂಗ್ ಜೋಡಿ ಅದೂ ನಡೀಲಿ."

ದೊಡ್ಡಬಸಪ್ಪನವರ ಮುಖ ಗಂಟಿಕ್ಕಿತು. ಕಿಟಕಿಯ ಟೇಬಲ್ಲೆಂದರೆ ಅವರ ಮೊದಲ ಟೈಪ್‌ರೈಟರ್ ಕೂತ ಜಾಗ. ಅದಕ್ಕೆ ಅವರೇ ದಿನಾ ಬ್ರಷ್ ಹೊಡೆಯುತ್ತಿದ್ದರು, ಬೇರೆಯವರು ಮುಟ್ಟುವಂತಿರಲಿಲ್ಲ. ಈಗೀಗ ಪತ್ರಿಕೆಯಲ್ಲಿ ಕಂಪ್ಯೂಟರ್ ಬಂದರೆ ಟೈಪಿಸ್ಟರ ಕತೆ ಮುಗಿಯಿತು ಎಂದು ಬರೆಯುತ್ತಿದ್ದುದನ್ನು ಓದಿ ಅವರಿಗೆ ಒಳಗೊಳಗೇ ಚಿಂತೆ ಬೇರೆ ಹತ್ತಿತ್ತು.

"ಆಯುಧಪೂಜಿ ತನಕ ಟೈಮ್ ಕೊಡ್ತೀನಿ," ಅಂದರು. "ಅಷ್ಟ್ರಾಗ ಅದು ಮಾತಾಡಿದ್ರ ಟೇಬಲ್ ನಿಂದು. ಮಾತಾಡಲಿಲ್ಲಾಂದ್ರ ದಸರಿ ಮರುದಿನ ಗುಜರಿ ಓಬಣ್ಣಗ. ಮತ್ತ ನನ್ನ ಕೋಣ್ಯಾಗ ಅದರ ಹೆಸರು ಎತ್ತಬಾರದು."

"ಆಗ್ಲಿ ಮಾವಾರ," ಅಂದಳು ಜಂಬಮ್ಮ. ಹೆದರಿಕೆಗಿಂತ ಅವಳಿಗೆ ಉಮೇದೇ ಹೆಚ್ಚಾಗಿತ್ತು.

ಪೆಟ್ಟಿಗೆಗೆ ಹಿಂದಿನ ಮಗ್ಗುಲಲ್ಲಿ ಸ್ಕ್ರೂಗಳಿದ್ದವು. ಇದ್ದವು ಎಂದು ನಂಬಬೇಕಷ್ಟೆ. ಕುಂಕುಮ ತುಂಬಿ ಕಾಣುತ್ತಲೇ ಇರಲಿಲ್ಲ. ಜಂಬಮ್ಮ ಅಡುಗೆಮನೆಯ ನೆಲದ ಮೇಲೆ ಪೆಟ್ಟಿಗೆ ಮಲಗಿಸಿ, ಸ್ಕ್ರೂಡ್ರೈವರಿನಿಂದ ಕೆರೆಯತೊಡಗಿದಳು. ಒಂದೇ ಸಲ ಕೆರೆದಿರಬೇಕು, ಹಿಂದಿನಿಂದ ಅತ್ತೆ ಚೀರಿದಳು.

"ಏ ಯವ್ವಾ! ಪೂಜಿ ಕುಂಕುಮ ನೆಲಕ್ಕ ಉದುರಸ್ತೀಯಲ್ಲ! ನಾಳಿ ಅದನ್ನ ತುಳಕೊಂಡು ಅಡ್ಡಾಡ್ತೀವಿ!"

"ಮತ್ತ ಹೆಂಗ್ ತೆಗೀಲಿ ಅತ್ತಿ?"

"ತಟ್ಟಿ ಹಿಡಿ. ತಟ್ಟ್ಯಾಗ ಬೀಳಲಿ. ಗಿಡದ ಬುಡಕ್ಕ ಹಾಕಿ ಬರ್ತೀನಿ."

ಹೀಗೆ ಉಂಡಿ ಹಂಚಲು ತೊಳೆದಿಟ್ಟ ತಟ್ಟೆಗೆ ಕುಂಕುಮ ಬೀಳತೊಡಗಿತು. ಮೊದಲು ಕೊಟ್ರಬಸಮ್ಮ ತಟ್ಟೆ ಹಿಡಿದು ಕೂತಳು. ಆಮೇಲೆ "ಸರಿ ಅತ್ತಾಗ, ನಿಂಗ ಬರಂಗಿಲ್ಲ" ಎಂದು ತನ್ನ ತಲೆಯ ಪಿನ್ನು ಕಿತ್ತು ತಾನೇ ಕೆದಕತೊಡಗಿದಳು. ಅಲ್ಲಿಂದ ಮುಂದೆ ಊಟ ಮುಗಿದು ಮುಸುರೆ ತೊಳೆದರೆ ಸಾಕು, ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆಯ ಮುಂದೆ. ಪಿನ್ನಿನ ತುದಿಯಿಂದ ಔಡಲ ಎಣ್ಣೆ ಬಿಡುವುದು, ನೆನೆದಷ್ಟು ಕೆದಕುವುದು. ಮೊದಲ ಸ್ಕ್ರೂವಿನ ತಲೆ ಹೊಳೆದು ಕಂಡ ದಿನ ಕೊಟ್ರಬಸಮ್ಮ "ಬಂತು ನೋಡು ಮೂಗುತಿ!" ಎಂದು ಕೂಗಿದ್ದು ಮುಂದಿನ ಕೋಣೆಯವರೆಗೆ ಕೇಳಿ, ಟೈಪ್ ಹೊಡೆಯುತ್ತಿದ್ದ ಹುಡುಗಿಯರೆಲ್ಲ ಒಮ್ಮೆಲೇ ನಿಲ್ಲಿಸಿದರು.

"ಯಾಕ ನಿಂತ್ರಿ? ಹಾಳಿ ನೋಡ್ರಿ!" ಎಂದು ದೊಡ್ಡಬಸಪ್ಪ ಪಟ್ಟಿ ಬಡಿದರು. ಬಡಿದು ತಾವು ಮಾತ್ರ ಅಡುಗೆಮನೆಯ ಕಡೆಗೇ ನೋಡುತ್ತಿದ್ದರು.

ಸ್ಕ್ರೂಗಳು ಕಂಡವೇ ಹೊರತು ತಿರುಗಲಿಲ್ಲ. ಕಾಯಿನೀರು ಕುಡಿದು ತುಕ್ಕು ಹಿಡಿದಿದ್ದವು. ಎರ್ರಿಸ್ವಾಮಿ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಹೆಂಡತಿಯ ಪೆಟ್ಟಿಗೆ ಅವನ ತಲೆಯೊಳಗೂ ಹೊಕ್ಕಿತ್ತು. ಒಂದು ದಿನ ಮೆಕ್ಯಾನಿಕ್ ಜೋಗಪ್ಪನ ಹತ್ತಿರ ಸಾಮಾನು ಹುಡುಕುತ್ತ ಕೂತು, ಕುರುಗೋಡಿನ ಬಸ್ಸಿಗೆ ಸೀಟಿ ಊದುವುದನ್ನೇ ಮರೆತ. ಡ್ರೈವರು ಬಂದು ಬೈದ ಮೇಲೆ ನೆನಪಾಯಿತು. ಆದರೆ ಆ ಸಂಜೆ ಮನೆಗೆ ಬರುವಾಗ ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್ ಇತ್ತು.

"ಇದು ಬಸ್ಸಿನ ಗಾಲಿ ಬಿಚ್ಚೋದೇನ್ರೀ!" ಎಂದು ಜಂಬಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ, ಇನ್ನೊಂದು ತಂದೀನಿ," ಎಂದು ಅವನು ಜೇಬಿನಿಂದ ಹೆಬ್ಬೆರಳಿನಷ್ಟು ಪುಟ್ಟ ಬಾಕ್ಸ್ ಸ್ಪ್ಯಾನರ್ ತೆಗೆದ. ಅದು ಸ್ಕ್ರೂವಿನ ತಲೆಗೆ ಟೊಪ್ಪಿಗೆಯ ಹಾಗೆ ಕೂತಿತು. ಗಂಡ ಹೆಂಡತಿ ಇಬ್ಬರೂ ಕೈ ಮೇಲೆ ಕೈ ಇಟ್ಟು ತಿರುಗಿಸಿದರು. ಕಿರ್ ಎಂದಿತು, ತಿರುಗಿತು! ಕೊಟ್ರಬಸಮ್ಮ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿಬಂದಳು. ಅವತ್ತು ಎಲ್ಲರೂ ಸೀದ ರೊಟ್ಟಿಯನ್ನು ಪುಂಡಿಪಲ್ಯಕ್ಕೆ ಹಚ್ಚಿಕೊಂಡು ಬಾಯಿ ಚಪ್ಪರಿಸಿ ಉಂಡರು. ದೊಡ್ಡಬಸಪ್ಪ ಒಬ್ಬರೇ "ಒಂದು ಸ್ಕ್ರೂ ಬಿಚ್ಚಾಕ ಒಂದು ಬುಟ್ಟಿ ರೊಟ್ಟಿ ಸುಡಬೇಕೇನು?" ಎಂದು ಗೊಣಗಿದರು.

ಗಣಪತಿ ಹಬ್ಬ ಬಂತು, ಹೋಯಿತು. ಒಂದೊಂದಾಗಿ ಸ್ಕ್ರೂಗಳೆಲ್ಲ ಬಿಚ್ಚಿದವು. ಅವುಗಳನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಹಾಕಿಟ್ಟರು. ಇನ್ನೇನು, ಮುಚ್ಚಳ ಎತ್ತುವುದೊಂದೇ! ಎಲ್ಲರೂ ಸುತ್ತ ಕೂತರು. ಎರ್ರಿಸ್ವಾಮಿ ಎರಡೂ ಕಡೆ ಕೈ ಹಾಕಿ ಎತ್ತಿದ. ಇಡೀ ಪೆಟ್ಟಿಗೆಯೇ ಮೇಲೆ ಬಂತು. ಕೆಳಗಿಟ್ಟ. ಅತ್ತೆ ತಳ ಹಿಡಿದಳು, ಸೊಸೆ ಮೇಲೆ ಎತ್ತಿದಳು. ಮುಚ್ಚಳ ಕದಲಲಿಲ್ಲ.

ಜಂಬಮ್ಮ ಕಂಗಾಲಾದಳು. ಕ್ಲಾಸಿನಲ್ಲಿ ಸರ್ ಬಿಚ್ಚಿಟ್ಟ ಕಂಪ್ಯೂಟರನ್ನು ಅವಳು ನೋಡಿದ್ದಳು. ಬಿಚ್ಚುವುದನ್ನು ನೋಡಿರಲಿಲ್ಲ. ಆ ಸರ್ ಈಗ ಊರು ಬಿಟ್ಟು ಎಲ್ಲಿಗೋ ಹೋಗಿದ್ದರು.

ಸಂದಿಯಲ್ಲಿ ಚಾಕು ಹಾಕಿದರು, ಚಾಕುವಿನ ತುದಿ ಮುರಿಯಿತು. ರೊಟ್ಟಿ ಮಗುಚುವ ಸಟ್ಟುಗ ಹಾಕಿ ಮೀಟಿದರು, ಸಟ್ಟುಗ ಬಾಗಿ ಬಿಲ್ಲಾಯಿತು.

"ನನ್ನ ಸಟ್ಟುಗ!" ಎಂದು ಕೊಟ್ರಬಸಮ್ಮ ಸಿಡಿದೆದ್ದಳು. "ನಮ್ಮವ್ವ ಕೊಟ್ಟಿದ್ದು! ನಿಮ್ಮಪ್ಪಗ ಉಂಡಿ ಸೀರಿ ಕೊಟ್ಟು ಸುಮ್ಮನಿರಾಕ ಏನಾಗಿತ್ತು?"

"ನಮ್ಮಪ್ಪನ ಸುದ್ದಿಗೆ ಬರಬ್ಯಾಡ್ರಿ ಅತ್ತಿ," ಎಂದಳು ಜಂಬಮ್ಮ. ಕಣ್ಣಲ್ಲಿ ನೀರು ತುಂಬಿತ್ತು. "ನಿಮ್ಮವ್ವ ಕೊಟ್ಟ ಸಟ್ಟುಗ ನಿಮಗ ಹೆಂಗೋ, ನಮ್ಮಪ್ಪ ಕೊಟ್ಟ ಪೆಟ್ಟಿಗಿ ನನಗ ಹಂಗ."

ಕೊಟ್ರಬಸಮ್ಮ ಎದ್ದು ಒಲೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಸೊಸೆಯ ಮುಂದೆ ಚಹಾದ ಲೋಟ ಕುಕ್ಕಿ, "ಕುಡಿ. ನಾಳಿ ಮತ್ತ ನೋಡೋಣಂತ," ಅಂದಳು. ದೊಡ್ಡಬಸಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಚಾಕು ಹಿಡಿದ ರೀತಿ ನೋಡಿ "ಹಂಗ ಹಿಡಿಯೋದಲ್ಲ" ಎಂದು ಅವರ ಕೈ ಒಮ್ಮೆ ಮುಂದಕ್ಕೂ ಬಂದಿತ್ತು. ತಾವೇ ಹಾಕಿದ ಷರತ್ತು ನೆನಪಾಗಿ ಹಿಂದಕ್ಕೆ ಎಳೆದುಕೊಂಡರು.

ಮಹಾನವಮಿ ಹತ್ತಿರ ಬಂದರೂ ಪೆಟ್ಟಿಗೆ ಬಾಯಿ ಬಿಡಲಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ದೊಡ್ಡಬಸಪ್ಪ ಅದನ್ನು ಹಳೆಯ ಡಬ್ಬಿ, ಮುರಿದ ಕುರ್ಚಿಗಳ ಜೊತೆ ಪಡಸಾಲೆಗೆ ತಂದಿಟ್ಟರು. ಓಬಣ್ಣನಿಗೂ ಹೇಳಿ ಕಳಿಸಿದರು. ಜಂಬಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಚಿದಾನಂದಪ್ಪ ಎಮ್ಮೆತುಪ್ಪದ ಡಬ್ಬಿ ಹಿಡಿದು ಸಿರಿಗೇರಿಯಿಂದ ಬಂದ. ಬೀಗರನ್ನು ಹಬ್ಬದೂಟಕ್ಕೆ ಕರೆಯಲು ಬಂದವನು ಪಡಸಾಲೆಯಲ್ಲೇ ನಿಂತುಬಿಟ್ಟ.

"ಬೀಗರ, ನಮ್ಮ ಪೆಟ್ಟಿಗಿ ಇಲ್ಲ್ಯಾಕ ಐತ್ರಿ, ಹಳೇ ಡಬ್ಬಿ ಜೋಡಿ?"

ದೊಡ್ಡಬಸಪ್ಪನವರಿಗೆ ಎಲ್ಲಿಲ್ಲದ ಮುಜುಗರ. "ಅದು… ನಾಡಿದ್ದು ಓಬಣ್ಣ ಬರ್ತಾನ್ರಿ."

"ಓಬಣ್ಣ ಅಂದ್ರ ರಿಪೇರಿಯವನೇನ್ರಿ?"

"ಗುಜರಿಯವ!" ಎಂದು ಕೊಟ್ರಬಸಮ್ಮ ಒಳಗಿಂದ ಕೂಗಿ, ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಚಿದಾನಂದಪ್ಪ ತುಪ್ಪದ ಡಬ್ಬಿ ಕೆಳಗಿಟ್ಟ. ಅವನ ಮೀಸೆ ಅದುರುತ್ತಿತ್ತು. "ಮಗಳಿಗೆ ಪಂಚಮಿಗೆ ಕೊಟ್ಟದ್ದನ್ನ ಗುಜರಿಗೆ ಹಾಕೋದಾದ್ರ ಯಾಕ ಬೇಕ್ರಿ ನಿಮಗ ಆ ತ್ರಾಸು? ನಾನೇ ಒಯ್ತೀನಿ. ಸಿರುಗುಪ್ಪದ ಬಸ್ಸು ಸಿಗ್ತೈತಿ ಇನ್ನ." ಹೇಳಿದವನೇ ಕೂತು, ಪೆಟ್ಟಿಗೆಯ ಮುಂಭಾಗವನ್ನು ಎರಡೂ ಕೈಯಿಂದ ತಬ್ಬಿ ಬಾಗಿಲ ಕಡೆ ಎಳೆದ.

ಇದೀಗ ದೊಡ್ಡಬಸಪ್ಪನವರ ತಲೆ ಬಿಸಿಯಾಯಿತು. ಗುಜರಿಗೆ ಹಾಕುವುದು ತಮ್ಮ ಮನೆಯ ವಿಷಯ. ಪಂಚಮಿಯ ಉಡುಗೊರೆ ತವರಿಗೆ ವಾಪಸ್ ಹೋಗುವುದೆಂದರೆ ಬೇರೆಯೇ ಮಾತು. ಸೊಸೆಯನ್ನೇ ಹೊರಹಾಕಿದ ಹಾಗೆ!

"ಏ ಬೀಗರ, ಬಿಡ್ರಿ! ನಮ್ಮ ಮನಿ ಹೊಸ್ತಿಲು ದಾಟಿ ಬಂದದ್ದು ನಮ್ಮದು!" ಎಂದು ಧೋತರ ಮೇಲೆ ಕಟ್ಟಿ, ಪೆಟ್ಟಿಗೆಯ ಹಿಂಭಾಗ ಹಿಡಿದು ಕೂತರು.

"ನಿಮ್ಮದಾಗಿದ್ರ ದೇವರ ಕೋಣ್ಯಾಗ ಇಡ್ತಿದ್ರಿ!"

"ಎಲ್ಲಿ ಇಡಬೇಕು ನನಗ ಗೊತ್ತೈತಿ! ಓಣಿ ಮಂದಿ ಮುಂದ ನನ್ನ ಮಾನ ತೆಗೀತೀರೇನು?"

"ನನ್ನ ಮಾನ ಹೋಗೈತಲ್ಲ, ಅದು?"

"ಅಪ್ಪಾ! ಮಾವಾರ! ಬಿಡ್ರಿ!" ಎಂದು ಜಂಬಮ್ಮ ಓಡಿಬಂದಳು. ಇಬ್ಬರೂ ಬಿಡಲಿಲ್ಲ. ಒಬ್ಬರು ಬಾಗಿಲ ಕಡೆ, ಒಬ್ಬರು ಗೋಡೆ ಕಡೆ. ಚಿದಾನಂದಪ್ಪ ಹೊಸ್ತಿಲಿಗೆ ಕಾಲು ಕೊಟ್ಟು, ಎತ್ತಿನ ಹಗ್ಗ ಎಳೆಯುವಂತೆ ಒಂದು ಜಗ್ಗು ಜಗ್ಗಿದ.

ಕರ್‌ರ್‌ರ್ ಎಂಬ ಸದ್ದಾಯಿತು.

ಚಿದಾನಂದಪ್ಪ ಹಿಮ್ಮುಖವಾಗಿ ಅಂಗಳಕ್ಕೆ ಬಿದ್ದ. ತೊಡೆಯ ಮೇಲೆ ಕುಂಕುಮದ ಮುಚ್ಚಳವಿತ್ತು. ದೊಡ್ಡಬಸಪ್ಪ ಗೋಡೆಗೆ ಒರಗಿ ಕೂತಿದ್ದರು. ಅವರ ತೋಳಲ್ಲಿ ತಂತಿ, ಹಲಗೆ, ಕರೀ ಚಿಪ್ಪುಗಳ ಸಮೇತ ಪೆಟ್ಟಿಗೆಯ ಹೊಟ್ಟೆಯಿತ್ತು.

ಜಂಬಮ್ಮ ಓಣಿಗೆಲ್ಲ ಕೇಳುವಂತೆ ಕಿರುಚಿದಳು.

"ಬಂತು! ಬಂತು! ಮಾವಾರ, ಕೈ ಬಿಡಬ್ಯಾಡ್ರಿ! ಅದು ಮುಂದಕ್ಕ ಜಾರೋ ಮುಚ್ಚಳ ಐತಿ! ನಾವು ಮ್ಯಾಲಕ್ಕ ಎತ್ತಿದ್ವಿ!"

ಪಂಚಮಿಯಿಂದ ಮನೆಮಂದಿಯೆಲ್ಲ ಸೇರಿ ಮಾಡಲಾಗದ್ದನ್ನು ಬೀಗರ ಸಿಟ್ಟು ಒಂದೇ ಜಗ್ಗಿಗೆ ಮಾಡಿತ್ತು. ಮೊದಲು ನಕ್ಕವಳು ಕೊಟ್ರಬಸಮ್ಮ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಅಂಗಳದಲ್ಲಿ ಬಿದ್ದಲ್ಲಿಂದಲೇ ಚಿದಾನಂದಪ್ಪನೂ ನಕ್ಕ. ದೊಡ್ಡಬಸಪ್ಪ ನಗಲಿಲ್ಲ. ಅವರು ತೋಳೊಳಗಿನದನ್ನು ಬಗ್ಗಿ ನೋಡುತ್ತಿದ್ದರು.

"ಇದರಾಗ ಏನೋ ಪುಡಿ ಐತಲ್ಲ?"

ಕೊಟ್ರಬಸಮ್ಮ ಬೆರಳಲ್ಲಿ ಮುಟ್ಟಿ ಮೂಸಿ ನೋಡಿದಳು. "ಅಯ್ಯ, ಅಕ್ಕಿತೌಡು! ಎಮ್ಮಿಗೆ ಒಂದು ಹೊತ್ತಿನ ಊಟ ಆಗ್ತೈತಿ!"

ರೈಸ್‌ಮಿಲ್ಲಿನ ತೌಡು ಫ್ಯಾನಿನ ಕಿಂಡಿಯಿಂದ ಹೊಕ್ಕು ಒಳಗೆಲ್ಲ ಹಾಸಿಗೆ ಹಾಸಿತ್ತು. ಜಂಬಮ್ಮ ಸೀರೆಯ ಸೆರಗಿನಿಂದ ಒರೆಸಲು ಹೋದಳು.

"ಸೆರಗು ತೆಗಿ!" ಎಂದು ದೊಡ್ಡಬಸಪ್ಪ ಗದರಿದರು. "ಎಳಿ ಸಿಕ್ಕರ ಏನು ಮಾಡ್ತಿ? ಮಷಿನ್ ಒರೆಸೋದು ಹಿಂಗೇನು?" ಎದ್ದು ಒಳಗೆ ಹೋಗಿ, ಯಾರಿಗೂ ಮುಟ್ಟಗೊಡದ ತಮ್ಮ ಟೈಪ್‌ರೈಟರ್ ಬ್ರಷ್ಷನ್ನು ತಂದರು. ಷರತ್ತು ಈಗ ನೆನಪಾಗಲಿಲ್ಲ, ಅಥವಾ ನೆನಪಾಗಿಯೂ ಬದಿಗಿಟ್ಟರು. ಮಾವ ಬ್ರಷ್ ಆಡಿಸಿದರು, ಸೊಸೆ ಬಾಯಿಂದ ಊದಿದಳು, ಅತ್ತೆ ತಟ್ಟೆ ಹಿಡಿದು ತೌಡು ತುಂಬಿಕೊಂಡಳು. ಜಂಬಮ್ಮ ಸಡಿಲಾದ ಕಾರ್ಡನ್ನು ಮೆಲ್ಲಗೆ ಕಿತ್ತಳು. ಅದರ ಅಂಚಿನ ಬಂಗಾರದ ಬಣ್ಣದ ಗೆರೆಗಳು ಕಪ್ಪಾಗಿದ್ದವು.

"ರಬ್ಬರ್ ಬೇಕು ಮಾವಾರ. ತಿಕ್ಕಿದ್ರ ಹೊಳಿತೈತಿ."

ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ರಬ್ಬರಿಗೇನು ಬರ! ದೊಡ್ಡಬಸಪ್ಪ ತಂದುಕೊಟ್ಟು, "ಈ ನೀಲಿ ತುದಿ ಹಾಳಿ ಹರೀತೈತಿ. ಕೆಂಪು ತುದಿಲಿಂದ ತಿಕ್ಕು," ಅಂದರು. ಕಪ್ಪು ಹೋಗಿ ಗೆರೆಗಳು ಹೊಳೆದವು. ಕಾರ್ಡನ್ನು ಜಾಗಕ್ಕಿಟ್ಟು ಜಂಬಮ್ಮ ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಕೂತಿತು. ಪ್ಲಗ್ಗು ಹಚ್ಚಿದರು, ಸ್ವಿಚ್ ಒತ್ತಿದರು.

ಕರೆಂಟ್ ಇರಲಿಲ್ಲ.

ಆ ಹೊತ್ತನ್ನು ಆ ಮನೆಯವರು ಹೇಗೆ ಕಳೆದರೋ! ಡಿಪೋದಲ್ಲಿ ಬಸ್ಸುಗಳ ಪೂಜೆ ಮುಗಿಸಿ ಎರ್ರಿಸ್ವಾಮಿ ಬಂದ, ಕತೆ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಕೊಟ್ರಬಸಮ್ಮ ಮಂಡಕ್ಕಿ ಒಗ್ಗರಣೆ ಮಾಡಿದಳು, ಮಿರ್ಚಿ ಕರಿದಳು. ಬೀಗರಿಬ್ಬರೂ ಒಂದೇ ತಟ್ಟೆಗೆ ಕೈ ಹಾಕಿ ತಿಂದರು. ತಿನ್ನುತ್ತಲೇ ಎಲ್ಲರ ಕಣ್ಣೂ ಗೋಡೆಯ ಬಲ್ಬಿನ ಮೇಲೆ. ಚಿದಾನಂದಪ್ಪನ ಬಸ್ಸು ಯಾವಾಗಲೋ ಹೋಗಿತ್ತು, ಅವನಿಗೆ ಅದರ ಖಬರೂ ಇರಲಿಲ್ಲ.

ಬಲ್ಬು ಹತ್ತಿತು. ಪೆಟ್ಟಿಗೆ ಬೀಪ್ ಎಂದು ಒಮ್ಮೆ ಕೂಗಿತು. ಮಿಲ್ಲಿನವರು ಜೊತೆಗೆ ಕೊಟ್ಟಿದ್ದ ಫ್ಲಾಪಿಯನ್ನು ಜಂಬಮ್ಮ ಅದರ ಸೀಳಿಗೆ ತುರುಕಿದಳು. ಗರಗರ ಎಂದಿತು, ಸುಮ್ಮನಾಯಿತು, ಮತ್ತೆ ಗರಗರ. ಕರಿಯ ಗಾಜಿನ ಮೇಲೆ ಹಸಿರು ಅಕ್ಷರಗಳು ಮೂಡಿದವು!

"ಮಾತಾಡ್ತು!" ಎಂದು ಕೊಟ್ರಬಸಮ್ಮ ಸೊಸೆಯನ್ನು ತಬ್ಬಿಕೊಂಡಳು. ಜಂಬಮ್ಮ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ದೊಡ್ಡಬಸಪ್ಪ ಮುಂದಿನ ಕೋಣೆಗೆ ಹೋದರು. ಕಿಟಕಿಯ ಟೇಬಲ್ಲಿನ ಮೇಲಿನ ಟೈಪ್‌ರೈಟರನ್ನು ತಾವೇ ಎತ್ತಿ ಪಕ್ಕದ ಟೇಬಲ್ಲಿಗೆ ಇಟ್ಟರು. ಟೇಬಲ್ ಒರೆಸಿ, "ತಗೊಂಬರ್ರಿ," ಅಂದರು.

ಪೂಜೆಯ ಹೊತ್ತಿಗೆ ಕೊಟ್ರಬಸಮ್ಮ ವಿಭೂತಿ ಕುಂಕುಮದ ತಟ್ಟೆ ಹಿಡಿದು ಸೀದಾ ಪೆಟ್ಟಿಗೆಯ ಕಡೆ ನಡೆದಳು. ದೊಡ್ಡಬಸಪ್ಪ ಕೈ ಅಡ್ಡ ಹಿಡಿದರು.

"ಅದರ ಮೈಗೆ ಮಾತ್ರ ಬ್ಯಾಡ."

"ಹಬ್ಬದ ದಿನ ಮಷಿನ್ ಬೋಳು ಬಿಡಾಕ ಆಗ್ತೈತೇನ್ರಿ?"

ಅವರು ಒಂದು ಗಳಿಗೆ ಯೋಚಿಸಿ, ಸೊಸೆಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಇಸಿದುಕೊಂಡು ಟೇಬಲ್ಲಿನ ಮೇಲೆ ಎಲೆಯ ಮೇಲಿಟ್ಟರು. "ಇದಕ್ಕ ಹಚ್ಚು. ಇದು ನಮ್ಮ ಸೊಸಿ ಆಯುಧ."

ಮರುದಿನ ಬನ್ನಿ ಹಬ್ಬದ ಗದ್ದಲ. ಅದರ ಮರುದಿನ ಬೆಳಿಗ್ಗೆ ಹೇಳಿದ ಮಾತಿನಂತೆ ಓಬಣ್ಣ ತಳ್ಳುಗಾಡಿ ತಂದು ಬಾಗಿಲಲ್ಲಿ ನಿಂತ. ಒಳಗೆ ಕಿಟಕಿಯ ಟೇಬಲ್ಲಿನ ಮುಂದೆ ದೊಡ್ಡಬಸಪ್ಪ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪಕ್ಕದಲ್ಲಿ ಜಂಬಮ್ಮ ನಿಂತಿದ್ದಳು. ಅವರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠವನ್ನೇ ಹೊಡೆದರು. ಕೀಲಿಗಳೆಲ್ಲ ಇದ್ದಲ್ಲೇ ಇದ್ದವು! ಬೆರಳುಗಳು ತಾವಾಗಿಯೇ ಓಡಿದವು. ಸಾಲು ಮುಗಿದಾಗ ಎಡಗೈ ಎಂದಿನಂತೆ ಟೈಪ್‌ರೈಟರಿನ ಗಾಡಿ ತಳ್ಳಲು ಮೇಲೆದ್ದು, ಏನೂ ಸಿಗದೆ ಗಾಳಿಯಲ್ಲಿ ನಿಂತಿತು. ಜಂಬಮ್ಮ ಬೇರೊಂದು ಕೀಲಿ ತೋರಿಸಿದಳು. ಒತ್ತಿದರು. 'ಬ್ಯಾಡ್ ಕಮಾಂಡ್' ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

"ನನ್ನ ಪಾಠಕ್ಕ ಬ್ಯಾಡ್ ಅಂತೈತಲ್ಲಲೇ ಇದು!" ಎಂದು ಅವರು ಹುಡುಗನ ಹಾಗೆ ನಕ್ಕರು.

"ಗೌಡ್ರ, ಗುಜರಿ ಎಲ್ಲೈತ್ರಿ?" ಎಂದು ಓಬಣ್ಣ ಬಾಗಿಲಿಂದ ಕೇಳಿದ.

ಕೊಟ್ರಬಸಮ್ಮ ಬಂದು ಅವನ ಗಾಡಿಗೆ ಹಳೆಯ ಡಬ್ಬಿಗಳನ್ನು ಹಾಕಿದಳು. ಕೊನೆಗೆ ಬಾಗಿದ ಸಟ್ಟುಗ ಎತ್ತಿಕೊಂಡವಳು, ಮನಸ್ಸು ಬಾರದೆ ಸೊಂಟಕ್ಕೇ ಸಿಕ್ಕಿಸಿಕೊಂಡಳು.

"ಮತ್ತ ಆ ದೊಡ್ಡ ಪೆಟ್ಟಿಗಿ ಕೊಡ್ತೀನಿ ಅಂದಿದ್ರಲ್ಲ?"

"ಏ ಓಬಣ್ಣ, ಸದ್ದು ಮಾಡಬ್ಯಾಡ, ಕ್ಲಾಸ್ ನಡದೈತಿ," ಎಂದು ದೊಡ್ಡಬಸಪ್ಪ ತಿರುಗದೆ ಹೇಳಿ, ಹೊಸ ಕೀಲಿ ಎಲ್ಲಿದೆಯೆಂದು ಬಗ್ಗಿ ಹುಡುಕತೊಡಗಿದರು.

ಜಂಬಮ್ಮ ಟೇಬಲ್ಲಿನ ಮೇಲಿದ್ದ ಕಟ್ಟಿಗೆಯ ಪಟ್ಟಿಯನ್ನು ಎತ್ತಿಕೊಂಡು ಮೆಲ್ಲಗೆ ಟೇಬಲ್ಲಿಗೆ ತಟ್ಟಿದಳು.

"ಕೈ ನೋಡಬ್ಯಾಡ್ರಿ ಮಾವಾರ. ಮುಂದ ನೋಡ್ರಿ."